ಭೂಕಂಪವೂ ನಮ್ಮ ಖೋಲಿಯೂ

ಮುಂಬಯಿಯಲ್ಲಿ ಭೂಕಂಪವೆಂದರೆ ನಮ್ಮವರು ನಗುತ್ತಾರೆ. ಮಳೆಗಾಲದ ನೀರು, ಲೋಕಲ್ ಗಾಡಿಯ ನೂಕುನುಗ್ಗಲು, ಧನಿಗಳ ಸಿಟ್ಟು, ಇಷ್ಟು ಸಾಲದೆಂದು ನೆಲ ಬೇರೆ ನಡುಗಬೇಕೆ ಎಂದು ಕೇಳುತ್ತಾರೆ. ನಡುಗಿದ್ದುಂಟು. 1967ನೆಯ ಇಸವಿ ಡಿಸೆಂಬರ್ 11, ಸೋಮವಾರ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ ಭೂಮಿ ಅದುರಿದಾಗ, ಸುಮಾರು ಇನ್ನೂರು ಕಿಲೋಮೀಟರ್ ದೂರದ ಮುಂಬಯಿಯೂ ಮಲಗಿದ್ದಲ್ಲೇ ಅಲುಗಿತು. ಹೋಟೆಲುಗಳಲ್ಲಿ ಅದು ಒಲೆ ಹಚ್ಚುವ ಹೊತ್ತು. ಚಾಳುಗಳಲ್ಲಿ ಬೆಳಗಿನ ಪಾಳಿಯವರು ಇನ್ನೂ ಕಣ್ಣು ಬಿಡದ ಹೊತ್ತು.

ಅತ್ತ ಕೊಯ್ನಾದಲ್ಲಿ ಸುಮಾರು 180 ಜನ ಸತ್ತರು. ಕೊಯ್ನಾನಗರದ ಮನೆಗಳಲ್ಲಿ ಹೆಚ್ಚಿನವು ನೆಲಕ್ಕೆ ಬಿದ್ದವು. ಇತ್ತ ನಮಗೆ ಬಿದ್ದ ಪೆಟ್ಟು ಬೇರೆ ತರಹದ್ದು. ಕೊಯ್ನಾದ ವಿದ್ಯುತ್ತು ನಿಂತಿತು, ಅದನ್ನು ನೆಚ್ಚಿದ ಈ ಊರಿನ ಕಾರಖಾನೆಗಳಿಗೂ ಅದರ ಬಿಸಿ ತಟ್ಟಿತು. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟು ಹೋದ ದಿನ ಮೊದಲು ಪಗಾರ ಕಳೆದುಕೊಳ್ಳುವವನು ಬದಲಿ ಕಾರ್ಮಿಕ. ನೆಲ ಎಲ್ಲಿಯೇ ನಡುಗಲಿ, ಅವನ ಅನ್ನದ ತಟ್ಟೆ ಇಲ್ಲಿ ಅಲುಗುತ್ತದೆ.

ಆವರೆಗೆ ದಖ್ಖಣದ ನೆಲ ಗಟ್ಟಿ ಕಲ್ಲಿನದು, ಅಲುಗದು ಎಂದು ತಿಳಿದವರೂ ನಂಬಿದ್ದರು. ಕೊಯ್ನಾ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ್ದು 1960ರ ದಶಕದ ಆರಂಭದಲ್ಲಿ. ನೀರು ನಿಂತ ಮೇಲೆ ಸುತ್ತಿನ ಹಳ್ಳಿಗಳಲ್ಲಿ ಸಣ್ಣ ಸಣ್ಣ ಕಂಪನಗಳು ಶುರುವಾದವು. ನೆಲದಾಳದ ಬಿರುಕುಗಳು ಮೊದಲೇ ಬಿಗಿದು ನಿಂತಿದ್ದವು. ಜಲಾಶಯದ ಭಾರವೂ, ಬಿರುಕಿನೊಳಗೆ ಇಳಿದ ನೀರಿನ ಒತ್ತಡವೂ ಅವನ್ನು ಜಾರಿಸಿದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಜಲಾಶಯದಿಂದ ಎದ್ದ ಭೂಕಂಪಗಳ ಮಾತು ಬಂದಾಗ ಜಗತ್ತಿನಲ್ಲೆಲ್ಲ ಇಂದಿಗೂ ಮೊದಲು ಹೇಳುವ ಹೆಸರು ಕೊಯ್ನಾದ್ದು. ಊರಿಗೆ ಬೆಳಕು ಕೊಟ್ಟ ನೀರೇ ಊರನ್ನು ನಡುಗಿಸಿತು.

ಆಮೇಲೂ ನಡುಗಿದೆ. 2001ರ ಜನವರಿ 26ರಂದು ಕಚ್ಛದ ಭೂಕಂಪ ಮುಂಬಯಿಗೆ ತಿಳಿಯಿತು. 2018ರ ನವೆಂಬರಿನಿಂದ ಪಾಲಘರ ಜಿಲ್ಲೆಯ ಡಹಾಣು, ತಲಾಸರಿ ಕಡೆ ಸಣ್ಣ ಕಂಪನಗಳು ಸಾಲುಸಾಲಾಗಿ ಬಂದು ಅಲ್ಲಿಯ ಬಡವರು ಚಳಿಯಲ್ಲಿ ಮನೆಯ ಹೊರಗೆ ಮಲಗಬೇಕಾಯಿತು. 2002ರ ಭೂಕಂಪ ನಕ್ಷೆ ಮುಂಬಯಿಯನ್ನು ಮೂರನೆಯ ವಲಯದಲ್ಲಿ ಇಟ್ಟಿತು. ನಮ್ಮ ಮಂಗಳೂರನ್ನೂ ಅಲ್ಲೇ ಇಟ್ಟಿತು. ಹಾಗಾಗಿ ಊರಿಗೆ ಓಡಿದರೆ ಪಾರಾದೆವು ಎನ್ನುವಂತಿಲ್ಲ.

ಆದರೆ ನಾವು ಹೇಳಬಂದ ಮಾತು ನೆಲದ್ದಲ್ಲ, ತಲೆಯ ಮೇಲಿನ ಮಾಡಿನದು. ಭೂಕಂಪ ಕೊಲ್ಲುವುದು ಕಡಿಮೆ, ಕೊಲ್ಲುವುದು ಗೋಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಮಣ್ಣು ಮೆತ್ತಿದ ಕಲ್ಲಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಅದಕ್ಕಿಂತ ಜೋರಾದದ್ದು 2007ರಲ್ಲಿ ಜಪಾನಿನ ನೀಗಾತದಲ್ಲಿ ಆಯಿತು. ಅಲ್ಲಿ ಸತ್ತವರು ಹದಿನೈದು ಮಂದಿ. ಎರಡೂ ಕಡೆ ನೆಲ ನೆಲವೇ. ವ್ಯತ್ಯಾಸ ಮನೆಯದು.

ಈಗ ನಮ್ಮ ಮನೆ ನೋಡೋಣ. ಗಿರಣಗಾಂವಿನ ಗಿರಣಿಗಳು ಹೋದವು, 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ನೆಲದ ಮೇಲೆ ಗಾಜಿನ ಗೋಪುರಗಳು ಎದ್ದವು. ಎದುರಿನ ಚಾಳಿನ ಮರದ ತೊಲೆಗಳು ಮಾತ್ರ ಹಳೆಯವೇ. ಇಂಥ ಹಳೆಯ ಕಟ್ಟಡಗಳ ದುರಸ್ತಿಗೆಂದೇ 1969ರಲ್ಲಿ ಕಾಯಿದೆಯಾಗಿ ಮಂಡಳಿಯೊಂದು ಬಂತು, ಬಾಡಿಗೆದಾರರಿಂದ ಸೆಸ್ಸೂ ವಸೂಲಾಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪಾಯದ ಕಟ್ಟಡಗಳ ಪಟ್ಟಿಯೂ ಬರುತ್ತದೆ. ಆದರೂ 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನಲ್ಲಿ, 2019ರ ಜುಲೈ 16ರಂದು ಡೋಂಗ್ರಿಯಲ್ಲಿ ಕಟ್ಟಡಗಳು ಕುಸಿದು ಜನ ಸತ್ತರು. ಆಗ ಭೂಕಂಪ ಆಗಿರಲಿಲ್ಲ. ಕಂಪನವಿಲ್ಲದೆಯೇ ಬೀಳುವ ಮಾಡು ಕಂಪನಕ್ಕೆ ನಿಂತೀತೆ?

ಹೋಟೆಲು ಕೆಲಸಗಾರನಿಗೆ ಇಂಥ ಖೋಲಿಯೂ ಇಲ್ಲ. ರಾತ್ರಿ ಗಿರಾಕಿಗಳು ಹೋದ ಮೇಲೆ ಜೋಡಿಸಿದ ಮೇಜೇ ಹಾಸಿಗೆ, ಇಲ್ಲವಾದರೆ ಅಡಿಗೆಮನೆಯ ಮೇಲಿನ ಅಟ್ಟ. ಪಕ್ಕದಲ್ಲಿ ಎಣ್ಣೆ ಡಬ್ಬ, ಅಕ್ಕಿ ಮೂಟೆ, ಕೆಳಗೆ ಗ್ಯಾಸಿನ ಸಿಲಿಂಡರು. ಕೆಲವೆಡೆ ಶಟರಿಗೆ ಹೊರಗಿನಿಂದ ಬೀಗ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು ಅಲ್ಲಿಯೇ ಮಲಗಿದ್ದ 12 ಮಂದಿ ಕಾರ್ಮಿಕರು ಸತ್ತರು. ಬೆಂಕಿಯಾಗಲಿ ಭೂಕಂಪವಾಗಲಿ, ಮಲಗಿದವನಿಗೆ ಹೊರಗೆ ಬರಲು ದಾರಿ ಬೇಕು.

ನಾಳೆ ಇಷ್ಟು ಗಂಟೆಗೆ ನೆಲ ನಡುಗುತ್ತದೆ ಎಂದು ಯಾರಾದರೂ ಸುದ್ದಿ ಹಬ್ಬಿಸಿದರೆ ನಂಬಬೇಡಿ. ದಿನ, ಗಂಟೆ ಹೇಳಬಲ್ಲ ವಿದ್ಯೆ ಈವರೆಗೆ ಯಾರಿಗೂ ಒಲಿದಿಲ್ಲ. ನಡುಗಿದಾಗ ಚಾಳಿನ ಮರದ ಮೆಟ್ಟಿಲಿಗೆ ಎಲ್ಲರೂ ಒಟ್ಟಿಗೆ ನುಗ್ಗಬೇಡಿ; ಗಟ್ಟಿ ಮೇಜಿನ ಕೆಳಗೆ ಸೇರಿ ತಲೆ ಕಾಯ್ದುಕೊಳ್ಳಿ. ನಡುಕ ನಿಂತೊಡನೆ ಗ್ಯಾಸು ಮುಚ್ಚಿ ಬಯಲಿಗೆ ಬನ್ನಿ. ಇದು ಒಂದು ನಿಮಿಷದ ಪಾಠ. ಇದನ್ನು ಕಲಿಸಲು ಸರಕಾರವೇ ಬರಬೇಕಾಗಿಲ್ಲ, ಹೋಟೆಲಿನ ಹಳಬ ಭಟ್ಟರು ಹೊಸ ಹುಡುಗನಿಗೆ ಹೇಳಿದರೂ ಆದೀತು.

ಉಳಿದದ್ದು ಒಬ್ಬಿಬ್ಬರಿಂದ ಆಗುವಂಥದಲ್ಲ. ತೊಲೆ ಬಾಗಿದ ಚಾಳಿನವರು ಒಂದು ಅರ್ಜಿಗೆ ಎಲ್ಲರೂ ಸಹಿ ಹಾಕಿ ಮಳೆಗಾಲಕ್ಕೆ ಮುಂಚೆಯೇ ದುರಸ್ತಿ ಮಂಡಳಿಗೆ ಕೊಟ್ಟು ರಶೀತಿ ಪಡೆಯಬೇಕು. ರಶೀತಿಯಿಲ್ಲದ ಅರ್ಜಿ ಕಚೇರಿಯಲ್ಲಿ ಹುಟ್ಟಿಯೇ ಇರುವುದಿಲ್ಲ. ಹೋಟೆಲಿನ ಸೋದರರು ಸಂಬಳ, ರಜೆಗಳ ಮಾತಾಡಲು ಧನಿಗಳ ಎದುರು ಕೂತಾಗ ಇನ್ನೊಂದು ಮಾತನ್ನೂ ಸೇರಿಸಲಿ. ರಾತ್ರಿ ಒಳಗೆ ಮಲಗುವವರ ಕೈಯಲ್ಲೇ ಶಟರಿನ ಕೀಲಿಕೈ ಇರಬೇಕು. ಧನಿಗಳಿಗೆ ಇದರಿಂದ ಒಂದು ಬಿಡಿಗಾಸಿನ ಖರ್ಚೂ ಇಲ್ಲ.