ಹೆಸರಿಲ್ಲದೆ ಅರಳಿದ ಚೆರ್ರಿ

ಚೆರ್ರಿ ಅರಳುವ ದಿನವನ್ನು ಹವಾಮಾನದಂತೆ ಮುಂಚಿತವಾಗಿ ಸಾರುವ ನಾಡು ಜಪಾನು. ಅಂಥಲ್ಲಿಯೂ ಒಂದು ಕಾಡುಚೆರ್ರಿ ಬಹುಕಾಲ ಹೆಸರಿಲ್ಲದೆಯೇ ಅರಳುತ್ತಿದ್ದಿತೆಂದರೆ ಯಾರಿಗಾದರೂ ಸೋಜಿಗವೇ! ಕಿಯಿ ಪರ್ಯಾಯದ್ವೀಪದ ದಕ್ಷಿಣದ ಬೆಟ್ಟಗಳಲ್ಲಿ ಬೆಳೆಯುವ ಈ ಮರವನ್ನು ಸಾಮಾನ್ಯ ‘ಯಾಮಾಜಾಕುರಾ’, ಎಂದರೆ ಬೆಟ್ಟದ ಚೆರ್ರಿ, ಎಂದೇ ಎಣಿಸಲಾಗಿತ್ತು. ಆದರೆ ಇದು ಅದಕ್ಕಿಂತ ಮೊದಲೇ, ಮಾರ್ಚಿಯಲ್ಲಿ, ತಿಳಿಗೆಂಪು ಹೂ ತಳೆಯುತ್ತದೆ, ಎಲೆಯೂ ಚಿಕ್ಕದು. 2018ರಲ್ಲಿ ಸಸ್ಯವಿಜ್ಞಾನಿ ತೋಷಿಯೊ ಕತ್ಸುಕಿಯವರು ಇದು ಬೇರೆಯೇ ಜಾತಿಯೆಂದು ವರ್ಣಿಸಿದ ಮೇಲೆ ‘ಕುಮಾನೊಜಾಕುರಾ’ ಎಂಬ ಹೆಸರು ನಿಂತಿತು. ಅಲ್ಲಿನ ಕಾಡುಚೆರ್ರಿಗಳ ಸಾಲಿಗೆ ಹೊಸ ಜಾತಿ ಸೇರಿದ್ದು ಸುಮಾರು 100 ವರ್ಷಗಳ ತರುವಾಯ.

ಇದರ ಬಳಗ ದೊಡ್ಡದು. ಬಾದಾಮಿ, ಪೀಚ್, ಏಪ್ರಿಕಾಟ್ ಎಲ್ಲವೂ ದಾಯಾದಿಗಳೇ. ಹಿಮಾಲಯದ ಪದ್ಮಕವೂ ಚೆರ್ರಿಯೇ. ಅದು ಮಾತ್ರ ಶರತ್ಕಾಲದಲ್ಲಿ ಅರಳುತ್ತದೆ.

ಆದರೆ ಅಪಾಯವಿರುವುದೂ ನೆಂಟರಿಂದಲೇ. ಉದ್ಯಾನಗಳಲ್ಲಿ ಮೆರೆಯುವ ‘ಸೋಮೆಯ್‌ ಯೋಷಿನೊ’ ಮರಗಳೆಲ್ಲ ಕಸಿಯಿಂದ ಬಂದ ಒಂದೇ ಪಡಿಯಚ್ಚು. ಅವು ತಮ್ಮತಮ್ಮಲ್ಲಿ ಬೀಜ ಕಟ್ಟಲಾರವು. ಅವುಗಳ ಪರಾಗ ಕಾಡುಚೆರ್ರಿಗೆ ತಗುಲಿದರೆ ಮಿಶ್ರಸಂತಾನ ಹುಟ್ಟೀತು. ಬೆಟ್ಟದ ಬುಡದಲ್ಲಿ ಅಂದಕ್ಕೆಂದು ನೆಟ್ಟ ಮರವೇ ಮೇಲಿನ ಕಾಡಿನ ಅಪರೂಪದ ವಂಶವನ್ನು ಕಲಬೆರಕೆಗೊಳಿಸಬಲ್ಲುದು.