ಬದು ಗೊತ್ತಿಲ್ಲದ ಬಿಳಿನೊಣ

ಪುಣೆಗೆ ಬಂದ ಮೇಲೆ ಭಾನುವಾರ ಬೆಳಗ್ಗೆ ಊರಿಗೆ ಫೋನ್ ಮಾಡುವುದನ್ನು ತಪ್ಪಿಸಿಲ್ಲ. ಈ ಸಲ ಅಪ್ಪ ಕುಶಲ ಕೇಳುವ ಮೊದಲೇ, “ಟೊಮೆಟೊ ಎಲೆಯೆಲ್ಲಾ ಮುದುರ್ಕೊಂಡೈತೆ ಕಣಪ್ಪಾ. ಮೂರು ಥರ ಔಷಧಿ ಹೊಡ್ದೆ, ಬಿಳಿನೊಣ ಸಾಯ್ತಿಲ್ಲ” ಎಂದರು.

ನಮ್ಮದು ಕೋಲಾರದ ಕಡೆ. ಎಲೆ ಮುದುರು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಈ ನೊಣವೇ. ಹೊರಗಿನಿಂದ ಬಂದ ಅದರ ‘ಬಿ’ ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದೂ ಕೋಲಾರದಲ್ಲೇ, 1999ರಲ್ಲಿ.

ಡಬ್ಬಿಗಳ ಫೋಟೊ ತರಿಸಿಕೊಂಡೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್. ನಾನು ಕೋಡ್ ಬರೆಯುವವನು, ಕೃಷಿ ಓದಿದವನಲ್ಲ. ಹುಡುಕಿ ಓದಿದಾಗ ತಿಳಿಯಿತು: ಹೆಸರು ಮೂರು, ಗುಂಪು ಒಂದೇ. ಮೂರೂ ಕೀಟದ ನರದಲ್ಲಿ ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದನ್ನು ತಾಳಿಕೊಂಡ ನೊಣ ಉಳಿದೆರಡನ್ನೂ ತಾಳಿಕೊಳ್ಳುವ ಸಂಭವವೇ ಹೆಚ್ಚು.

ವಿಷ ಅರಗಿಸಿಕೊಳ್ಳುವುದು ಅದಕ್ಕೆ ಹೊಸ ವಿದ್ಯೆಯೇನಲ್ಲ. ಟೊಮೆಟೊ, ಬದನೆ, ಹುರುಳಿಕಾಯಿ, ಸೌತೆ, ಹತ್ತಿ ಹೀಗೆ ನೂರಾರು ಗಿಡಗಳ ರಸ ಹೀರುವ ಕೀಟವದು. ಒಂದೊಂದು ಗಿಡವೂ ತನ್ನ ರಕ್ಷಣೆಗೆ ಒಂದೊಂದು ರಾಸಾಯನಿಕ ಇಟ್ಟುಕೊಂಡಿರುತ್ತದೆ. ಅದನ್ನು ಮುರಿಯುವ ಕಿಣ್ವಗಳಲ್ಲಿ ಕೆಲವು ಕೀಟನಾಶಕವನ್ನೂ ಮುರಿಯಬಲ್ಲವು. ಹಾಗಾಗಿ ನೊಣ ಯಾವ ಗಿಡದ ಮೇಲೆ ಬೆಳೆಯಿತೆಂಬುದರ ಮೇಲೂ ಔಷಧಿಯ ಪರಿಣಾಮ ಬದಲಾಗುತ್ತದೆ. 2021ರಲ್ಲಿ ಚೀನಾದ ವಿಜ್ಞಾನಿಗಳು ಇನ್ನೂ ಸೋಜಿಗದ ಸಂಗತಿ ಪ್ರಕಟಿಸಿದರು. ಗಿಡದ ವಿಷವನ್ನು ನಿರುಪದ್ರವಿ ಮಾಡುವ ಒಂದು ಜೀನನ್ನು ಬಿಳಿನೊಣ ಹಿಂದೆಂದೋ ಗಿಡದಿಂದಲೇ ಪಡೆದಿದೆಯಂತೆ. ಮನೆಯವರ ಬೀಗದ ಕೈಯೇ ಕಳ್ಳನ ಜೇಬಿಗೆ ಬಿದ್ದ ಹಾಗೆ!

“ಚಿಕ್ಕಪ್ಪನ ಹೊಲದಲ್ಲಿ ಏನೈತೆ?”

“ಬದನೆ. ಅವ್ನೂ ಇದನ್ನೇ ಹೊಡೀತಾನೆ, ಅಂಗಡೀಲಿ ಕಂಡೆ.”

ತೊಡಕಿರುವುದು ಅಲ್ಲೇ. ಔಷಧಿ ಬೀಳದ ಗಿಡಗಳಿದ್ದರೆ ಅಲ್ಲಿ ಬಡಪಾಯಿ ನೊಣಗಳೂ ಉಳಿದು, ಗಟ್ಟಿ ನೊಣಗಳ ಜೊತೆ ಬೆರೆಯುತ್ತವೆ. ಗಟ್ಟಿತನ ನಿಧಾನವಾಗಿ ಹರಡುತ್ತದೆ. ಬದುವಿನ ಎರಡೂ ಕಡೆ ಒಂದೇ ಔಷಧಿಯಾದರೆ ಉಳಿಯುವುದು ಗಟ್ಟಿ ಪಿಂಡಗಳೇ. ಬಿಸಿಲುಕಾಲದಲ್ಲಿ ಸುಮಾರು ಮೂರು ವಾರಕ್ಕೆ ಹೊಸ ತಲೆಮಾರು ಬೇರೆ.

ಮುದುರಿದ ಗಿಡಕ್ಕೆ ಮದ್ದಿಲ್ಲ, ಕಿತ್ತುಹಾಕಬೇಕು. ಮುಂದಿನ ಸಲ ಸಸಿಮಡಿಗೆ ನೈಲಾನ್ ಪರದೆ, ಹೊಲಕ್ಕೆ ಹಳದಿ ಅಂಟು ಹಾಳೆ. ಬೇರೆ ಗುಂಪಿನ ಔಷಧಿ ಯಾವುದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಎಂದೆ. “ಚಿಕ್ಕಪ್ಪನಿಗೂ ಹೇಳಿ, ಇಬ್ಬರೂ ಸೇರಿ ಮಾಡಿದರೇ ಉಪಯೋಗ” ಎಂದದ್ದಕ್ಕೆ ಅಪ್ಪ ಉತ್ತರಿಸಲಿಲ್ಲ. ಬದುವಿನ ಜಗಳವಾಗಿ ನಾಲ್ಕು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಬುಧವಾರ ಮೀಟಿಂಗ್ ನಡುವೆ ಚಿಕ್ಕಪ್ಪನ ಫೋನ್ ಬಂತು. “ಅಣ್ಣ ಬಂದಿದ್ದ ಕಣೋ. ಅದೇನೋ ಎಲ್ಲಾ ಒಂದೇ ಗುಂಪು ಅಂತಾನೆ. ನನ್ನ ಡಬ್ಬಿಗಳ ಫೋಟೊನೂ ಕಳಿಸ್ಲಾ?”