ಹೀರೊ ಎಂದರೆ ಯಾರು?

‘ನಿಮ್ಮ ಹೀರೊ ಯಾರು?’ ಎಂದು ಶಲವಡಿಯ ಮಕ್ಕಳನ್ನು ಕೇಳಿದರೆ ಕೆಲವರು ಸಿನಿಮಾ ನಟನ ಹೆಸರು ಹೇಳಿಯಾರು; ಕೆಲವರು ಅಮೆರಿಕದ ಸೂಪರ್‌ಮ್ಯಾನ್ ಎಂದಾರು. ಅಷ್ಟು ದೂರ ಹೋಗಬೇಕಿಲ್ಲ. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಕಾವಲು ನೆಲೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಅಂಥ ಗಾಳಿಯಲ್ಲೇ ಸಹಸೈನಿಕರು ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಹಗಲಿರುಳು ಕೊರೆದರು. ಮೂಸಿ ಹುಡುಕುವ ನಾಯಿಗಳೂ ನೆರವಾದವು. ಆರು ದಿನಗಳ ಬಳಿಕ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿ ಹಿಮದಡಿಯಲ್ಲೇ ಪ್ರಾಣ ಬಿಟ್ಟಿದ್ದರು. ಅವರೂ ಕಡಿಮೆಯವರಲ್ಲ.

ಆರು ದಿನ ಬದುಕಿದ್ದನ್ನು ಜನ ಪವಾಡವೆಂದರು. ಪವಾಡ ಯಾರ ಕೈಯಲ್ಲೂ ಇಲ್ಲ. ಆದರೆ ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಅವರು ಕಷ್ಟದ, ಅಪಾಯದ ನೆಲೆಗಳಲ್ಲೇ ದುಡಿದಿದ್ದರು. ಮಕ್ಕಳಿಗೆ ಈ ಕಥೆ ಹೇಳುವ ತಂದೆ-ತಾಯಿಯರು ಆ ಲೆಕ್ಕವನ್ನೂ ಹೇಳಲಿ: ಆರು ದಿನಕ್ಕಿಂತ ಹತ್ತು ವರ್ಷ ದೊಡ್ಡದು.